ಹಳೇ ಮೆಟ್ಟಿಲಿಗೆ ಹೊಸ ಹೊದಿಕೆ: ಮೊದಲು ಟೇಪ್ ಹಿಡಿಯಿರಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಕಾಮನಕಟ್ಟಿಯಲ್ಲಿ ಈಗ ಹಳೇ ಮನೆ ಕೆಡವುವ ಬದಲು ರಿಪೇರಿ ಮಾಡಿಸುವವರು ಕಾಣುತ್ತಿದ್ದಾರೆ. ಸಂತೋಷ. ಆದರೆ ಕಟ್ಟಿಗೆ ಮೆಟ್ಟಿಲಿನ ಮೇಲೆ ಲ್ಯಾಮಿನೇಟ್ (ಕಟ್ಟಿಗೆಯಂತೆ ಕಾಣುವ ಸಿದ್ಧ ಹಲಗೆ) ಹೊದಿಸುವವರಿಗೆ ಒಂದು ಮಾತು ಹೇಳಲೇಬೇಕು ಅನಿಸಿ ಈ ಪತ್ರ.

ನಮ್ಮ ಮನೆಯದು ಸಾಗವಾನಿ ಮೆಟ್ಟಿಲು. ಹಳಿಯಾಳದ ಕಡೆಯ ಕಟ್ಟಿಗೆ ಎಂದು ಅತ್ತೆಯವರು ಹೇಳುತ್ತಾರೆ. ಕಾಲಿಡುವ ಜಾಗದಲ್ಲಿ ಹಲಗೆ ಸವೆದು ತಗ್ಗಾಗಿತ್ತು, ಹತ್ತಿದರೆ ಕಿರ್ ಎನ್ನುತ್ತಿತ್ತು. ದೀಪಾವಳಿಗೆ ಮುಂಚೆ ಬಂದ ಗುತ್ತಿಗೆದಾರರು, "ಹಳೇದನ್ನ ಮುಟ್ಟೂದ ಬ್ಯಾಡ್ರಿ ಅಕ್ಕೋರ, ಮ್ಯಾಲ ಪ್ಲೈ ಬಡದು ಲ್ಯಾಮಿನೇಟ್ ಕೂಡ್ಸಿದ್ರ ಮುಗೀತು" ಎಂದರು. ಕೆಲಸ ಬೇಗ ಮುಗಿಯಿತು, ನೋಡಲೂ ಚೆಂದ ಆಯಿತು. ಆಮೇಲೆ ಒಂದು ಸಂಜೆ ಅತ್ತೆ ಅಟ್ಟದಿಂದ ಮೆಣಸಿನಕಾಯಿ ಬುಟ್ಟಿ ಹಿಡಿದು ಇಳಿಯುತ್ತಿದ್ದರು. ಕೊನೆಯ ಮೆಟ್ಟಿಲಲ್ಲಿ ಕಾಲಿಗೆ ನೆಲ ಸಿಗಬೇಕಾದಲ್ಲಿ ಸಿಗಲಿಲ್ಲ. ಮೊಣಕಾಲು ಉಳುಕಿತು. ಮದುವೆಯಾಗಿ ಬಂದಾಗಿನಿಂದ ಕರೆಂಟ್ ಇಲ್ಲದಾಗಲೂ ಅದೇ ಮೆಟ್ಟಿಲು ಇಳಿದವರು ಅವರು.

ಲೆಕ್ಕ ಇಷ್ಟೇ. ಪ್ಲೈ 12 ಎಂ.ಎಂ., ಲ್ಯಾಮಿನೇಟ್ 8 ಎಂ.ಎಂ. ಎರಡೂ ಸೇರಿ 2 ಸೆಂಟಿಮೀಟರ್. ಎಲ್ಲ ಮೆಟ್ಟಿಲುಗಳೂ ಒಂದೇ ಸಮ ಮೇಲೆದ್ದರೆ ನಡುವಿನ ಅಂತರ ಬದಲಾಗುವುದಿಲ್ಲ. ಆದರೆ ಕೆಳಗಿನ ನೆಲ ಮೇಲೇಳಲಿಲ್ಲ, ಮೇಲಿನ ಅಟ್ಟವೂ ಏಳಲಿಲ್ಲ. ಹಾಗಾಗಿ ನೆಲದಿಂದ 20 ಸೆಂ.ಮೀ. ಎತ್ತರ ಇದ್ದ ಮೊದಲ ಮೆಟ್ಟಿಲು 22 ಆಯಿತು, ಅಟ್ಟಕ್ಕೆ ಕಾಲಿಡುವ ಕೊನೆಯ ಹೆಜ್ಜೆ 18 ಆಯಿತು. ಎರಡರ ನಡುವೆ 4 ಸೆಂ.ಮೀ. ವ್ಯತ್ಯಾಸ! ನಾವು ಮೆಟ್ಟಿಲನ್ನು ನೋಡಿಕೊಂಡು ಇಳಿಯುವುದಿಲ್ಲ, ಅಲ್ವಾ? ಒಂದೆರಡು ಹೆಜ್ಜೆಯಲ್ಲೇ ಕಾಲು ಅಳತೆ ಹಿಡಿದಿರುತ್ತದೆ. ಅಮೆರಿಕದ ಮನೆ ಕಟ್ಟುವ ನಿಯಮದಲ್ಲಿ ಒಂದೇ ಸಾಲಿನ ಮೆಟ್ಟಿಲುಗಳ ಎತ್ತರದಲ್ಲಿ 9.5 ಎಂ.ಎಂ.ಗಿಂತ ಜಾಸ್ತಿ ಹೆಚ್ಚುಕಡಿಮೆ ಇರುವಂತಿಲ್ಲ. ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ವಾಸದ ಮನೆಯಲ್ಲಿ ಒಂದು ಮೆಟ್ಟಿಲಿನ ಎತ್ತರ 19 ಸೆಂ.ಮೀ. ಮೀರಬಾರದು. ಹಳೇ ಮನೆಗಳ ಮೆಟ್ಟಿಲು ಮೊದಲೇ ಕಡಿದಾಗಿರುತ್ತದೆ. ಹಿಡಿದುಕೊಳ್ಳಲು ಪಕ್ಕದಲ್ಲಿ ಹಗ್ಗ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ. ಅದರ ಮೇಲೆ ಮತ್ತೆ ಎರಡು ಸೆಂಟಿಮೀಟರ್ ಏರಿಸಿದರೆ ಹೇಗೆ?

ಗುತ್ತಿಗೆದಾರರು "ರೂಢಿ ಆಗ್ತದ" ಅಂದು ಕೈ ತೊಳೆದುಕೊಂಡರು. ಕಡೆಗೆ ಪರಿಚಯದ ಹಿರಿಯ ಬಡಿಗೇರರೊಬ್ಬರನ್ನು ಕರೆಸಿದೆವು. ಅವರು ಪ್ಲೈ ಕಿತ್ತಾಗ ಗೋಡೆಯ ಕಡೆಯಿಂದ ಒರಲಿ (ಗೆದ್ದಲು) ಮಣ್ಣಿನ ದಾರಿ ಮಾಡಿಕೊಂಡು ಬಂದದ್ದು ಕಂಡಿತು. ಹೊದಿಕೆ ಹಾಗೇ ಇದ್ದಿದ್ದರೆ ಹಲಗೆ ಕುಸಿಯುವ ತನಕ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಸ್ಕ್ರೂಡ್ರೈವರ್‌ನಿಂದ ಪ್ರತಿ ಹಲಗೆಯನ್ನೂ, ಎರಡೂ ಪಕ್ಕದ ದಪ್ಪ ಹಲಗೆಗಳನ್ನೂ ಚುಚ್ಚಿ ನೋಡಿದರು. ಮೆತ್ತಗಾದದ್ದನ್ನು ಮಾತ್ರ ಬದಲಿಸಿದರು. ಉಳಿದವನ್ನು ಕೆಳಗಿನ ಬೆಣೆ ಬಿಚ್ಚಿ ಹೊರಗೆಳೆದು, ಮಗುಚಿ ಹಾಕಿದರು. ಯಾರ ಕಾಲೂ ಸೋಕದ ಆ ತಳಭಾಗ ಇನ್ನೂ ಸಮತಟ್ಟಾಗಿತ್ತು. ಮುಂದಿನ ಅಂಚನ್ನು ಹತರಿ ಹಿಡಿದು ಮತ್ತೆ ದುಂಡಗೆ ಮಾಡಿದರು. ಹೊಸ ಬೆಣೆ ಬಿಗಿದ ಮೇಲೆ ಕಿರ್ ಎನ್ನುವುದೂ ನಿಂತಿತು. ಮೇಲೆ ಅಗಸೆ ಎಣ್ಣೆ, ಅಷ್ಟೇ. (ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗೇ ಬಿಸಿಯಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಒಣಗಿಸಬೇಕು.)

ಎಲ್ಲರ ಮನೆಯ ಹಲಗೆಯೂ ಇಷ್ಟು ಗಟ್ಟಿ ಇರುವುದಿಲ್ಲ, ಒಪ್ಪುತ್ತೇನೆ. ಹೊಸ ಹೊದಿಕೆ ಬೇಕೇ ಬೇಕು ಎಂದರೆ ಕೆಳಗಿನ ನೆಲವನ್ನೂ ಅಟ್ಟವನ್ನೂ ಅಷ್ಟೇ ದಪ್ಪ ಏರಿಸಿ. ಅದಾಗದಿದ್ದರೆ 2 ಎಂ.ಎಂ. ವಿನೈಲ್ (ತೆಳು ಪ್ಲಾಸ್ಟಿಕ್ ಹಾಸು) ಸಾಕು. ಕಟ್ಟಿಗೆ ಮೇಲೆ ನೇರವಾಗಿ ಟೈಲ್ಸ್ ಮಾತ್ರ ಬೇಡ. ಹಲಗೆ ಬಾಗುತ್ತದೆ, ಟೈಲ್ಸ್ ಬಾಗುವುದಿಲ್ಲ, ಒಡೆಯುತ್ತದೆ. ಇನ್ನು ಕನ್ನಡಿಯಂತೆ ಹೊಳೆಯುವ ಲ್ಯಾಮಿನೇಟ್ ಯಾಕೆ ಆರಿಸುತ್ತಾರೋ ನನಗಂತೂ ತಿಳಿಯದು. ಮಳೆಗಾಲದಲ್ಲಿ ಒದ್ದೆ ಕಾಲಿನಲ್ಲಿ ಹತ್ತುವ ಮಕ್ಕಳಿದ್ದಾರೆ ಎನ್ನುವುದಾದರೂ ನೆನಪಿರಬೇಕು.

ಗುತ್ತಿಗೆದಾರರಲ್ಲಿ ನನ್ನ ಕೋರಿಕೆ ಇದು: ಕೊಟೇಶನ್‌ನಲ್ಲಿ ಚದರ ಅಡಿಯ ದರ ಬರೆಯುವಾಗ, ಮೊದಲ ಮತ್ತು ಕೊನೆಯ ಮೆಟ್ಟಿಲಿನ ಎತ್ತರ ಈಗ ಎಷ್ಟಿದೆ, ಕೆಲಸ ಆದ ಮೇಲೆ ಎಷ್ಟಾಗುತ್ತದೆ ಎಂದೂ ಬರೆದು ಕೊಡಿ. ಮನೆ ಅಲಂಕಾರದ ಲೇಖನ, ಫೋಟೊ ಹಾಕುವಾಗ ತಾವೂ ಈ ಅಳತೆಯ ಮಾತನ್ನು ಸೇರಿಸಿದರೆ ಉಪಕಾರವಾಗುತ್ತದೆ.

– ನಿವೃತ್ತ ಶಿಕ್ಷಕಿ, ಕಾಮನಕಟ್ಟಿ, ಧಾರವಾಡ