ಬಿದನೂರಿಗೆ ಹೊರಟಿರುವ ಪುಟ್ಟನಿಗೆ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ದೀಪಾವಳಿ ಕಳೆದ ಮೇಲೆ ಗೆಳೆಯರೆಲ್ಲ ಸೇರಿ ಕೆಳದಿ, ಇಕ್ಕೇರಿ, ನಗರ, ಕವಲೇದುರ್ಗ ನಾಲ್ಕನ್ನೂ ಒಂದೇ ದಿನದಲ್ಲಿ ಮುಗಿಸುತ್ತೀರಂತೆ. ನಿನ್ನ ಅಮ್ಮ ಹೇಳಿದಳು. ‘ಮುಗಿಸುವುದು’ ಎಂಬ ಆ ಮಾತು ನನಗೆ ಸಂಕಟ ತಂದಿತು, ಅದಕ್ಕೇ ಬರೆಯುತ್ತಿದ್ದೇನೆ. ಈ ಸಲ ಮೂರನ್ನು ಬಿಟ್ಟುಬಿಡು. ನಗರಕ್ಕೆ, ಎಂದರೆ ಹಳೆಯ ಬಿದನೂರಿಗೆ, ಮಾತ್ರ ಹೋಗು, ಒಂದು ರಾತ್ರಿ ಅಲ್ಲೇ ಉಳಿ.

ಬಸ್ಸಿಳಿದರೆ ಸಣ್ಣ ಪೇಟೆ, ಒಂದು ಕೆರೆ, ಅದರ ಪಕ್ಕದ ದಿಬ್ಬದಲ್ಲಿ ಕೋಟೆ. ಇಷ್ಟೇನಾ ಎನ್ನಿಸುತ್ತದೆ. ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರು ಇದೇ. ಬಿಜಾಪುರದ ಸೇನೆ ಇಕ್ಕೇರಿಯನ್ನು ಹಾಳುಮಾಡಿದ ಮೇಲೆ ವೀರಭದ್ರ ನಾಯಕ ಇನ್ನಷ್ಟು ದಟ್ಟ ಕಾಡಿನೊಳಕ್ಕೆ, ಘಟ್ಟದ ಅಂಚಿಗೆ ಸರಿದು ಬಂದ. ಅವನ ನಂತರ 1645ರಿಂದ 1660ರವರೆಗೆ ಆಳಿದವನು ಶಿವಪ್ಪ ನಾಯಕ.

ಕೋಟೆ ಹತ್ತುವ ಮೊದಲು ದೇವಗಂಗೆಗೆ ಹೋಗು. ಗುಡ್ಡದಿಂದ ಇಳಿಯುವ ನೀರನ್ನು ಹಿಡಿದು ಕೊಳದಿಂದ ಕೊಳಕ್ಕೆ ಹಾಯಿಸಿದ್ದಾರೆ. ಒಂದೊಂದು ಕೊಳಕ್ಕೆ ಒಂದೊಂದು ಆಕಾರ. ಮೆಟ್ಟಿಲ ಮೇಲೆ ಸದ್ದಿಲ್ಲದೆ ಕುಳಿತರೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದು ಕಿವಿಗೇ ತಿಳಿಯುತ್ತದೆ. ಕೋಟೆಯೊಳಗೂ ಅಕ್ಕ-ತಂಗಿ ಕೊಳಗಳಿವೆ. ಅರಮನೆಯದು ತಳಪಾಯವಷ್ಟೇ ಉಳಿದಿದೆ, ನೀರಿನ ಏರ್ಪಾಡು ಮಾತ್ರ ಉಳಿದುಕೊಂಡಿದೆ. ಆಳಿದವರ ಬುದ್ಧಿಯನ್ನು ನಾನು ಅಳೆಯುವುದು ಇದರಿಂದಲೇ.

ಇನ್ನೊಂದು ಮಾತು ನಿನಗೆ ತಿಳಿದಿರಲೇಬೇಕು. ತೋಟದ ಕಂದಾಯದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಮಾವನವರು ‘ಶಿವಪ್ಪ ನಾಯಕನ ಶಿಸ್ತು’ ಎನ್ನುತ್ತಿದ್ದರು. ಶಿಸ್ತು ಎಂದರೆ ಇಲ್ಲಿ ಅವನು ಗೊತ್ತುಮಾಡಿದ ಭೂಕಂದಾಯ. ಊರೂರಿನಲ್ಲೂ ಪ್ರತಿಯೊಂದು ತರಗತಿಯ ಒಂದೊಂದು ಗದ್ದೆಯನ್ನು ಅರಸನೇ ತನ್ನ ಖರ್ಚಿನಲ್ಲಿ 12 ವರ್ಷ ಸಾಗುವಳಿ ಮಾಡಿಸಿದನಂತೆ. ಬಿತ್ತಿದ ಬೀಜವೆಷ್ಟು, ಕೂಲಿಯೆಷ್ಟು, ಬಂದ ಭತ್ತವೆಷ್ಟು, ಅದರ ಬೆಲೆಯೆಷ್ಟು ಎಂದು ಲೆಕ್ಕ ಬರೆಸಿ, ಸರಾಸರಿ ತೆಗೆದು, ಮೂರರಲ್ಲೊಂದು ಪಾಲನ್ನು ಅರಮನೆಗೆ ಗೊತ್ತುಮಾಡಿದ. 12 ಮಳೆಗಾಲ ಕಾದು ತೆರಿಗೆ ಹಾಕಿದವನ ತಾಳ್ಮೆಯನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ದಾರಿಯಲ್ಲಿ ಸಿಗುವ ಗದ್ದೆಗಳನ್ನು ಇದನ್ನು ನೆನೆದುಕೊಂಡೇ ನೋಡು.

ಕೆಳದಿಯ ರಾಣಿ ಚೆನ್ನಮ್ಮಾಜಿಯ ಕಥೆ ಶಾಲೆಯಲ್ಲಿ ಓದಿರುತ್ತೀಯೆ. ಔರಂಗಜೇಬನ ಸೇನೆ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಅವಳು. ಗಂಡನನ್ನು ಕಳೆದುಕೊಂಡು ರಾಜ್ಯ ಹೊತ್ತಿದ್ದ ಹೆಂಗಸು, ಬಾಗಿಲಿಗೆ ಬಂದವನನ್ನು ಇಲ್ಲವೆನ್ನಲಿಲ್ಲ. ಕೋಟೆಯ ಎತ್ತರದಲ್ಲಿ ನಿಂತು ಕೆಳಗಿನ ಕಾಡನ್ನು ನೋಡಿದಾಗ ಅವಳ ಧೈರ್ಯದ ಅಳತೆ ಸಿಗುತ್ತದೆ. 1763ರಲ್ಲಿ ಹೈದರಾಲಿ ಊರನ್ನು ಗೆದ್ದು ಹೈದರ್‌ನಗರ ಎಂದು ಕರೆದ. ಈಗಿನ ‘ನಗರ’ ಅದರ ಉಳಿಕೆ. ಕೊನೆಯ ರಾಣಿ ವೀರಮ್ಮಾಜಿ ಮಧುಗಿರಿಯ ಸೆರೆಗೆ ಹೋದಳು. ಅವಳ ಹೆಸರನ್ನೂ ಒಮ್ಮೆ ನೆನೆ, ಯಾರೂ ನೆನೆಯುವುದಿಲ್ಲ.

ಜಂಬಿಟ್ಟಿಗೆಯ ಮೇಲೆ ಪಾಚಿ ಇರುತ್ತದೆ, ಬೆಳಿಗ್ಗೆ ಮಂಜು ಬಿದ್ದಿದ್ದರೆ ಇನ್ನೂ ಜಾರುತ್ತದೆ. ನಾನು ಅಲ್ಲಿ ಬಿದ್ದು ಕೈ ಮುರಿದುಕೊಂಡು ಒಂದು ಅಡಿಕೆ ಕೊಯ್ಲು ಪೂರ್ತಿ ಕುಳಿತಿದ್ದೆ. ಕೊಳಕ್ಕೆ ಯಾರೂ ಇಳಿಯಬೇಡಿ, ಗೋಡೆಯ ಮೇಲೆ ಹೆಸರು ಕೆತ್ತುವ ಗೆಳೆಯನಿದ್ದರೆ ಕೈ ಹಿಡಿದು ತಡೆ. ವಾಪಸು ಬರುವ ಕೊನೆಯ ಬಸ್ಸನ್ನು ಇಳಿದ ಕೂಡಲೇ ವಿಚಾರಿಸಿಟ್ಟುಕೊ. ಸಂಜೆ ಅಂಗಡಿಯ ಜಗಲಿಯಲ್ಲಿ ಹಿರಿಯರು ಕುಳಿತಿದ್ದರೆ ಮುಳುಗಡೆಯ ಬಗ್ಗೆ ಕೇಳು. ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರು ಈ ಸೀಮೆಯ ತುಂಬ ಇದ್ದಾರೆ. ಮೊಬೈಲನ್ನು ಜೇಬಿನಲ್ಲಿಟ್ಟು ಕೇಳು.

ಬರುವಾಗ ದೇವಗಂಗೆಯ ನೀರನ್ನು ಒಂದು ಬಾಟಲಿಯಲ್ಲಿ ತಂದುಕೊಡು. ಆ ಮೆಟ್ಟಿಲುಗಳನ್ನು ನನ್ನ ಮೊಣಕಾಲು ಇನ್ನು ಇಳಿಯಲಾರದು.

ಇಂತಿ ನಿನ್ನ
ದೊಡ್ಡಮ್ಮ