ಮಡ್ಡಿಯ ಬೇಲಿ ತೆರೆಸಿ: ನಮ್ಮ ಶಾಸಕರಿಗೆ ಕುರಿಗಾರನೊಬ್ಬನ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಸಾಂಗಲಿ–ಸೊಲ್ಲಾಪುರ ಕಡೆಯ ಗಡಿಯೂರಿನವನು. ಅರವತ್ತು ಕುರಿ ಸಾಕಿಕೊಂಡು ಬದುಕುತ್ತಿದ್ದೇನೆ. ಮೂರು ವರ್ಷದಲ್ಲಿ ನಾಲ್ಕು ಅರ್ಜಿ ಕೊಟ್ಟೆ. ಎರಡು ಕನ್ನಡದಲ್ಲಿ, ಎರಡು ಮರಾಠಿಯಲ್ಲಿ. ಮರಾಠಿಯವನ್ನು ಮಗಳು ಬರೆದುಕೊಟ್ಟಳು. ಒಂದಕ್ಕೂ ಉತ್ತರ ಬರಲಿಲ್ಲ. ಅದಕ್ಕೇ ಈಗ ಊರೆಲ್ಲ ಓದಲಿ ಅಂತ ಬರೆಯುತ್ತಿದ್ದೇನೆ. ಕೇಳುವುದು ಒಂದೇ ಮಾತು. ನಮ್ಮೂರ ಮಡ್ಡಿಗೆ, ಅಂದರೆ ಕುರಿ ಮೇಯುವ ಕಲ್ಲು ಹುಲ್ಲುಗಾವಲಿಗೆ, ಹಾಕಿದ ತಂತಿಬೇಲಿಯನ್ನು ಸರದಿಯ ಮೇಲೆ ತೆರೆಸಿ.

ಆ ಮಡ್ಡಿ ನಿಮಗೆ ಗೊತ್ತು. ಚುನಾವಣೆ ಹೊತ್ತಿಗೆ ಅದರ ಪಕ್ಕದ ರಸ್ತೆಯಲ್ಲೇ ಬಂದಿದ್ದಿರಿ. ಕಲ್ಲು ನೆಲ, ಮೇಲೆ ಗೇಣು ಮಣ್ಣು. ಸಹ್ಯಾದ್ರಿಯ ಮರೆಯಲ್ಲಿರುವ ಸೀಮೆ ನಮ್ಮದು, ಮಳೆ ಕಮ್ಮಿ. ಕಾಗದದಲ್ಲಿ ಇಂಥ ನೆಲಕ್ಕೆ ಪಾಳು ಭೂಮಿ ಅಂತ ಹೆಸರು. ಆದರೆ ಒಂದು ಒಳ್ಳೆ ಮಳೆ ಬಿದ್ದರೆ ಸಾಕು, ಎಂಟು ದಿನದಲ್ಲಿ ಹಸಿರಾಗುತ್ತದೆ. ನಮ್ಮ ಮಾಡಗ್ಯಾಳ ತಳಿಯ ಕುರಿಗಳು ಈ ಹುಲ್ಲಿನ ಮೇಲೇ ಬೆಳೆದವು. ಸುಗ್ಗಿ ಮುಗಿದ ಮೇಲೆ ಹೊಲದವರು ತಾವಾಗೇ ಕರೆದು ಕುರಿ ಹಟ್ಟಿ ಹಾಕಿಸುತ್ತಾರೆ, ಗೊಬ್ಬರ ಆಗಲಿ ಅಂತ. ಕುರಿ ಮಣ್ಣನ್ನು ಕೆಡಿಸುವ ಪ್ರಾಣಿಯಾಗಿದ್ದರೆ ಜೋಳದ ಹೊಲದವನು ಕಾಳು ಕೊಟ್ಟು ಕರೆಯುತ್ತಿದ್ದನಾ?

ಮೂರು ವರ್ಷದ ಹಿಂದೆ ಬೇಲಿ ಬಂತು. ಸಾಲಾಗಿ ಗುಂಡಿ ತೋಡಿ ಗ್ಲಿರಿಸಿಡಿಯಾ ಎಂಬ ಮರದ ಸಸಿ ನೆಟ್ಟರು. ಯಾಕೆ ಅಂದರೆ, ಗಾಳಿಗೆ ಸೇರಿ ಭೂಮಿ ಕಾಯಿಸುವ ಕಾರ್ಬನ್ನನ್ನು ಮಣ್ಣಲ್ಲಿ ಕೂಡಿಡಬೇಕು, ದನ ಕುರಿ ಬಿಡಬಾರದು ಅಂದರು. ಬೋರ್ಡು ಮರಾಠಿಯಲ್ಲಿ ಮಾತ್ರ ಇದೆ. ಶೇಕಡಾ 15ಕ್ಕಿಂತ ಜಾಸ್ತಿ ಜನ ಬೇರೆ ಭಾಷೆಯವರಿರುವ ಕಡೆ ಮುಖ್ಯ ನೋಟಿಸುಗಳು ಆ ಭಾಷೆಯಲ್ಲೂ ಇರಬೇಕು ಎಂಬ ನಿಯಮ ನಿಮಗೆ ನಾನು ಹೇಳಬೇಕಿಲ್ಲ.

ಹೋದ ಬೇಸಿಗೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ನಮ್ಮ ಎರಡು ಕುರಿ ತಂತಿಯ ಕೆಳಗೆ ನುಸುಳಿ ಒಳಗೆ ಹೋದವು. ಕಾವಲಿನವರು ಹಿಡಿದು ಕೂಡಿಹಾಕಿದರು. ಅದರಲ್ಲೊಂದು ಈದು ಮೂರು ದಿನ ಆಗಿತ್ತು. ಮರಿ ಮನೆಯಲ್ಲಿತ್ತು. ಕೈ ಮುಗಿದು ಹೇಳಿದೆ, ದಂಡ ನಾಳೆ ಕಟ್ಟುತ್ತೇನೆ, ತಾಯಿಕುರಿಯನ್ನಾದರೂ ಬಿಡಿ ಅಂತ. ಸಾಹೇಬರು ಬರಲಿ ಅಂದರು. ಸಾಹೇಬರು ಬಂದದ್ದು ಎರಡನೇ ದಿನ ಸಂಜೆ. ಹೆಂಡತಿ ಪಕ್ಕದ ಮನೆಯ ಆಡಿನ ಹಾಲನ್ನು ಬಟ್ಟೆಯಲ್ಲಿ ಅದ್ದಿ ಕುಡಿಸಲು ನೋಡಿದಳು. ಮರಿ ಬಾಯಿ ತೆರೆಯಲಿಲ್ಲ. ಸಾಹೇಬರು ಬರುವಷ್ಟರಲ್ಲಾಗಲೇ ಅದು ಸತ್ತಿತ್ತು. ಸಾವಿರದ ಐನೂರು ರೂಪಾಯಿ ಕಟ್ಟಿ ಕುರಿ ಹೊಡೆದುಕೊಂಡು ಬಂದೆ. ತಾಯಿ ಮೂರು ದಿನ ಹಟ್ಟಿಯ ಮೂಲೆ ಮೂಲೆಯಲ್ಲಿ ಮರಿಯ ವಾಸನೆ ಹುಡುಕಿ ಒದರಿತು. ಆ ರಸೀದಿ ಇನ್ನೂ ನನ್ನ ಹತ್ತಿರ ಇದೆ. ನೋಡುತ್ತೀರಾದರೆ ತಂದು ತೋರಿಸುತ್ತೇನೆ.

ಇನ್ನು ಕಾರ್ಬನ್ ಮಾತು. ನಾನು ಹತ್ತನೇ ತರಗತಿವರೆಗೆ ಓದಿದವನು. ಮಗಳು ಓದಿ ಹೇಳುತ್ತಾಳೆ, ನಾನು ಕೇಳುತ್ತೇನೆ. ಹುಲ್ಲುಗಾವಲಿನ ಕಾರ್ಬನ್ ಬಹುಪಾಲು ಇರುವುದು ನೆಲದ ಕೆಳಗೆ, ಬೇರಿನಲ್ಲಿ, ಮಣ್ಣಿನಲ್ಲಿ. ಮೇಲೆ ಕಾಣುವ ಹಸಿರು ಸ್ವಲ್ಪವೇ. ಕುರಿ ಹದವಾಗಿ ಮೇಯ್ದರೆ ಹುಲ್ಲು ಮತ್ತೆ ಚಿಗುರುತ್ತದೆ. ಹಿಕ್ಕೆ, ಗಂಜಲದ ಮೂಲಕ ಸಾರಜನಕ ಮಣ್ಣಿಗೆ ವಾಪಸ್ ಹೋಗುತ್ತದೆ. ಈಗ ಬೇಲಿಯೊಳಗೆ ನೋಡಿ. ಹೋದ ವರ್ಷದ ಹುಲ್ಲು ಒಣಗಿ ನಿಂತಲ್ಲೇ ನಿಂತಿದೆ. ಹೊಸ ಚಿಗುರಿಗೆ ಬಿಸಿಲು ಸಿಗುತ್ತಿಲ್ಲ. ಯಾರೋ ಬೀಡಿ ಎಸೆದರೆ ಇಡೀ ಮಡ್ಡಿ ಉರಿಯುತ್ತದೆ. ಗುಂಡಿ ತೋಡಿ ಮೇಲೆ ಹಾಕಿದ ಮಣ್ಣು ಗಾಳಿ ಬಿಸಿಲಿಗೆ ತೆರೆದುಕೊಂಡಾಗ, ಅದರಲ್ಲಿ ಕೂಡಿದ್ದ ಹಳೇ ಕಾರ್ಬನ್ನೂ ಹೊರಗೆ ಹೋಗುತ್ತದೆ. ಉಳಿಸಲು ಹೊರಟದ್ದನ್ನೇ ಕಳೆದುಕೊಳ್ಳುತ್ತಿದ್ದೇವೆ, ಅಲ್ವಾ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಿಮಾಚಲದ ಸ್ಪಿತಿಯಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಕೆಲವು ತುಂಡು ನೆಲಕ್ಕೆ ಬೇಲಿ ಹಾಕಿ ಪ್ರಾಣಿ ಬಿಡಲಿಲ್ಲ. ಪಕ್ಕದ ನೆಲದಲ್ಲಿ ಯಾಕ್, ಐಬೆಕ್ಸ್ ಎಂಬ ಕಾಡುಮೇಕೆ ಮೇಯ್ದವು. 16 ವರ್ಷ ಮಣ್ಣು ಅಳೆದರು. ಬೇಲಿಯೊಳಗೆ ಮಣ್ಣಿನ ಕಾರ್ಬನ್ ವರ್ಷದಿಂದ ವರ್ಷಕ್ಕೆ ಶೇಕಡಾ 30ರಿಂದ 40ರಷ್ಟು ಜಾಸ್ತಿ ಏರಿಳಿಯಿತು. ಮೇಯ್ದ ಕಡೆ ಅಷ್ಟು ಏರುಪೇರಿಲ್ಲದೆ ಉಳಿಯಿತು. ಇದು 2022ರಲ್ಲಿ ಪ್ರಕಟವಾಯಿತು. ಅದೇ ತಂಡ ಆಮೇಲೆ ಇನ್ನೊಂದನ್ನೂ ಹೇಳಿತು: ಕಾಡುಪ್ರಾಣಿ ಮೇಯುವ ಮಣ್ಣಿಗಿಂತ ಸಾಕುಪ್ರಾಣಿ ಮೇಯುವ ಮಣ್ಣಿನಲ್ಲಿ ಕಾರ್ಬನ್ ಕಮ್ಮಿ, ದನಕರುಗಳಿಗೆ ಕೊಡುವ ಆಂಟಿಬಯಾಟಿಕ್ ಮಣ್ಣಿನ ಸೂಕ್ಷ್ಮಜೀವಿಗಳಿಗೆ ತೊಂದರೆ ಮಾಡುತ್ತಿರಬಹುದು ಅಂತ. ಅದನ್ನು ಮುಚ್ಚಿಡುವುದಿಲ್ಲ. ಸ್ಪಿತಿ ಹಿಮದ ನಾಡು, ನಮ್ಮದು ಬಿಸಿಲ ನಾಡು, ಅದೂ ನಿಜ. ಅತಿಯಾಗಿ ಮೇಯಿಸಿದರೆ ಮಡ್ಡಿ ಬೋಳಾಗುತ್ತದೆ. ಬೋಳಾದ ನೆಲಕ್ಕೆ ಕೆಲವು ವರ್ಷ ಬಿಡುವು ಕೊಟ್ಟರೆ ಹುಲ್ಲೂ ಬರುತ್ತದೆ, ಕಾರ್ಬನ್ನೂ ಕೂಡುತ್ತದೆ. ನನ್ನ ಅಪ್ಪನಿಗೂ ಬಿಡುವಿನ ಬೆಲೆ ಗೊತ್ತಿತ್ತು. ಹುಲ್ಲು ಬೀಜ ಉದುರಿಸುವ ಮುಂಚೆ ಮೇಲಿನ ದಿಬ್ಬಕ್ಕೆ ಅವರು ಹಿಂಡು ಬಿಡುತ್ತಿರಲಿಲ್ಲ. ಅವರ ಬಿಡುವಿಗೆ ಒಂದು ಕೊನೆ ಇರುತ್ತಿತ್ತು. ಈ ಬೇಲಿಗೆ ಕೊನೆಯೇ ಇಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಪೂರ್ತಿ ಬೇಲಿ ಕಿತ್ತು ಹಾಕಿ ಅನ್ನುತ್ತಿಲ್ಲ. ಸರದಿಯ ಮೇಲೆ ತೆರೆಸಿ. ಈ ವರ್ಷ ಅರ್ಧ ಮಡ್ಡಿ ಮುಚ್ಚಿರಲಿ, ಮುಂದಿನ ವರ್ಷ ಇನ್ನರ್ಧ. ದೀಪಾವಳಿ ಆದಮೇಲೆ, ಬೀಜ ಉದುರಿದ ಮೇಲೆ, ಎರಡೂ ತೆರೆಯಲಿ. ಎಷ್ಟು ಕುರಿ ಬಿಡಬೇಕು ಅಂತ ಊರವರೇ ಕೂತು ಲೆಕ್ಕ ಹಾಕುತ್ತೇವೆ. ತಜ್ಞರನ್ನು ಕರೆಸಿ ಎರಡೂ ಕಡೆಯ ಮಣ್ಣು ಅಳೆಸಿ. ನಾನೇ ಗುದ್ದಲಿ ಹಿಡಿದು ಬರುತ್ತೇನೆ.

ಮಡ್ಡಿ ಅರಣ್ಯದ ಲೆಕ್ಕದಲ್ಲಿದೆ ಅನ್ನುವವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ತೋರಿಸಿ. ಮೇಯಿಸುವ ಹಕ್ಕು, ಅಲೆಮಾರಿ ಪಶುಪಾಲಕರು ಋತುವಿಗೆ ತಕ್ಕಂತೆ ಬಂದು ಹೋಗುವ ಹಕ್ಕು ಅದರಲ್ಲೇ ಬರೆದಿದೆ. ನೀವು ಸದನದಲ್ಲಿ ಕೂರುವವರು, ನನಗಿಂತ ಚೆನ್ನಾಗಿ ಬಲ್ಲಿರಿ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಎಂದು ಸಾರಿದೆ. ಲೋಕವೇ ನಮ್ಮ ಹೆಸರು ಹೇಳುತ್ತಿರುವಾಗ ನಾವು ನಮ್ಮ ಮಡ್ಡಿಯ ಮುಂದೆ ಕಳ್ಳರ ಹಾಗೆ ನಿಲ್ಲಬೇಕಾಗಿದೆ. ಇದನ್ನು ನಾನು ತಡೆದುಕೊಳ್ಳಲಾರೆ. ಬೇಲಿ ತೆರೆಸಿ, ಶಾಸಕರೇ.

ಯಾವ ಅರ್ಧ ಮುಚ್ಚಬೇಕು ಎನ್ನುವುದು ಮೃಗಶಿರ ಮಳೆ ಬೀಳುವುದರೊಳಗೆ ತೀರ್ಮಾನ ಆಗಬೇಕು. ಹುಲ್ಲು ಮೊಳೆತ ಮೇಲೆ ಮಾತಾಡಿ ಉಪಯೋಗವಿಲ್ಲ. ಒಂದು ದಿನ ಬನ್ನಿ. ಬರಲು ಆಗದಿದ್ದರೆ, ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ ಅಂತಾದರೂ ತಿಳಿಸಿ.

ಇಂತಿ,
ಗಡಿನಾಡಿನ ಒಬ್ಬ ಕುರಿಗಾರ