ಈಸ್ಟರ್ ಭಾನುವಾರ ಮಧ್ಯಾಹ್ನಕ್ಕೇ ಮುಗಿದುಹೋಗ್ಬಾರ್ದು

ಮಾನ್ಯ ಸಂಪಾದಕರೇ,

ಯೇಸುಸ್ವಾಮಿ ಸತ್ತು ಮತ್ತೆ ಎದ್ದು ಬಂದ ಹಬ್ಬ ಈಸ್ಟರ್ ಬಂತು ಅಂದ್ರೆ ಪೇಪರಲ್ಲಿ ಬಣ್ಣದ ಮೊಟ್ಟೆ, ಬೇಕರಿಯ ಚಾಕೊಲೇಟ್ ಮೊಲ, ಲೈಟ್ ಹಾಕಿದ ಚರ್ಚಿನ ಫೋಟೋ ಬರುತ್ತೆ, ಬೇಡ ಅನ್ನಲ್ಲ, ನೋಡೋಕೆ ಖುಷಿನೇ. ಆದ್ರೆ ಆ ಹಬ್ಬ ನಮ್ಮ ಮನೆಗಳ ಒಳಗೆ ಏನು ಮಾಡ್ಬೇಕಿತ್ತು, ಏನು ಮಾಡ್ತಿಲ್ಲ ಅನ್ನೋದನ್ನ ಒಬ್ಬ ಕ್ರೈಸ್ತ ಹೆಂಗಸಾಗಿ ಬರೀಬೇಕು ಅನ್ನಿಸಿ ಈ ಪತ್ರ.

ಬೂದಿ ಬುಧವಾರ ಹಣೆಗೆ ಬೂದಿ ಇಡಿಸ್ಕೊಂಡ ದಿನದಿಂದ ತಪಸ್ಸು ಕಾಲ, ಅಂದ್ರೆ ಈಸ್ಟರ್‌ಗೆ ಮುಂಚಿನ ವ್ರತ ಶುರು, ಭಾನುವಾರಗಳನ್ನ ಬಿಟ್ಟು 40 ದಿನ. ಹೋದ ವರ್ಷ ಗರಿಗಳ ಭಾನುವಾರ, ಅಂದ್ರೆ ಈಸ್ಟರ್‌ಗೆ ಒಂದು ವಾರ ಮುಂಚಿನ ಭಾನುವಾರ, ಕೈಯಲ್ಲಿ ಹಿಡಿದು ಮೆರವಣಿಗೆ ಮಾಡಿದ ಗರಿಗಳನ್ನೇ ಸುಟ್ಟು ಆ ಬೂದಿ ಮಾಡೋದು. ಅವತ್ತಿಂದ ನಮ್ಮಲ್ಲಿ ತುಂಬಾ ಗಂಡಸರು ಕುಡಿಯೋದು ಬಿಡ್ತಾರೆ, ನಿಜವಾಗ್ಲೂ ಬಿಡ್ತಾರೆ. ಸಂಬಳ ಪೂರ್ತಿ ಮನೆಗೆ ಬರುತ್ತೆ, ರಾತ್ರಿ ಗೇಟ್ ಸದ್ದಾದ್ರೆ ಮಕ್ಕಳು ಎದ್ದು ಒಳಗೆ ಓಡಲ್ಲ, ಶುಕ್ರವಾರ ಸಾಯಂಕಾಲ ಗಂಡ ಹೆಂಡ್ತಿ ಜೊತೆಗೇ, ಯೇಸು ಶಿಲುಬೆ ಹೊತ್ತು ನಡೆದಿದ್ದನ್ನ ನೆನೆಯೋ ಶಿಲುಬೆ ಹಾದಿ ಪ್ರಾರ್ಥನೆಗೆ ಬಂದು 14 ಸ್ಥಳಕ್ಕೂ ಮೊಣಕಾಲೂರ್ತಾರೆ. ಆಮೇಲೆ ಈಸ್ಟರ್ ಭಾನುವಾರ ಪೂಜೆ ಮುಗಿಸಿ, ಮಟನ್ ಅಂಗಡಿ ಕ್ಯೂನಲ್ಲಿ ನಿಂತು, ಬಿರಿಯಾನಿ ದಮ್‌ಗೆ ಇಡೋ ಹೊತ್ತಿಗೆ ಸ್ಕೂಟರ್ ಡಿಕ್ಕಿಯಿಂದ ಬಾಟಲಿ ಆಚೆ ಬರುತ್ತೆ. ವ್ರತ ಮುಗೀತಲ್ಲ ಅಂತಾರೆ! ಒಲೆ ಮುಂದೆ ನಿಂತಿರೋ ಆ ಹೆಂಗಸಿನ ಮುಖ ಆಗ ನೋಡ್ಬೇಕು ಸಾರ್, ಸಮಾಧಿಯಿಂದ ಎದ್ದು ಬಂದ ಗಂಡ ಹಬ್ಬದ ದಿನಾನೇ ವಾಪಸ್ ಸಮಾಧಿಗೆ ಹೋಗ್ತಿದ್ದಾನೆ, ಅವಳು ಸೌಟು ಹಿಡ್ಕೊಂಡು ನೋಡ್ತಾ ನಿಂತಿರ್ಬೇಕು.

ಇದು ತಪ್ಪು ಲೆಕ್ಕ. ಈಸ್ಟರ್ ಅಂದ್ರೆ ವ್ರತದ ಕೊನೆ ದಿನ ಅಲ್ಲ, ಹೊಸ ಬದುಕಿನ ಮೊದಲ್ನೇ ದಿನ. ತಪಸ್ಸಿಗೆ 40 ದಿನ ಇಟ್ಟಿರೋ ನಮ್ಮ ಧರ್ಮಸಭೆ ಈಸ್ಟರ್‌ಗೆ 50 ದಿನ ಇಟ್ಟಿದೆ, ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಬಂದ ಪೆಂತೆಕೋಸ್ತ್ ಹಬ್ಬದವರೆಗೂ. 2026ರಲ್ಲಿ ಏಪ್ರಿಲ್ 5ಕ್ಕೆ ಶುರುವಾಗಿ ಮೇ 24ರ ತನಕ. 40 ದಿನ ಎಣಿಸಿ ಎಣಿಸಿ ಕಳೆಯೋ ನಾವು ಈ 50 ದಿನವನ್ನ ಯಾಕೆ ಯಾರೂ ಎಣಿಸಲ್ಲ?

ಸತ್ತು ಎದ್ದು ಬಂದ ಯೇಸುಸ್ವಾಮಿ ಆ ದಿನಗಳಲ್ಲಿ ಏನು ಮಾಡಿದ್ರು ಅಂತ ಬೈಬಲ್ಲಿನ ಶುಭಸಂದೇಶ ಓದಿ ನೋಡಿ. ಶಿಲುಬೆಗೆ ಒಪ್ಪಿಸಿದ ರೋಮನ್ ಅಧಿಕಾರಿ ಪಿಲಾತನ ಮುಂದೆ ಹೋಗಿ ನಿಂತು ನೋಡಪ್ಪಾ ನಾನು ಬದುಕಿದ್ದೀನಿ ಅನ್ನಬಹುದಿತ್ತು, ಪ್ರಧಾನ ಯಾಜಕ ಕಾಯಫನ ಮನೆ ಬಾಗಿಲು ಬಡೀಬಹುದಿತ್ತು, ಅಂಥದ್ದು ಎಲ್ಲೂ ಇಲ್ಲ. ಹೋಗಿದ್ದು ತನ್ನವರ ಹತ್ರ, ಅದೂ ಕಷ್ಟದಲ್ಲಿ ಕೈಬಿಟ್ಟು ಓಡಿಹೋಗಿದ್ದವರ ಹತ್ರ. ಯೊವಾನ್ನರು ಬರೆದಿರೋ ಶುಭಸಂದೇಶದ 21ನೇ ಅಧ್ಯಾಯ ನನಗೆ ಎಷ್ಟು ಸಲ ಓದಿದ್ರೂ ಗಂಟಲು ಕಟ್ಟುತ್ತೆ. ರಾತ್ರಿಯಿಡೀ ಬಲೆ ಬೀಸಿ ಒಂದು ಮೀನೂ ಸಿಗದೆ ಶಿಷ್ಯರು ಸುಸ್ತಾಗಿದ್ದಾರೆ, ಬೆಳಗ್ಗೆ ದಡದಲ್ಲಿ ಯೇಸು ಕೆಂಡದ ಮೇಲೆ ಮೀನಿಟ್ಟು, ರೊಟ್ಟಿ ಇಟ್ಕೊಂಡು ಬನ್ನಿ ತಿನ್ನಿ ಅಂತ ಕರೀತಾರೆ. ಆ ಗುಂಪಲ್ಲಿ ಪೇತ್ರನೂ ಇದ್ದಾನೆ, ಎರಡು ವಾರದ ಹಿಂದೇನೋ ನಾಲ್ಕು ವಾರದ ಹಿಂದೇನೋ, ಪ್ರಧಾನ ಯಾಜಕನ ಅಂಗಳದಲ್ಲಿ ಇಂಥದ್ದೇ ಕೆಂಡದ ಮುಂದೆ ಚಳಿ ಕಾಯಿಸ್ಕೊಳ್ತಾ ನಿಂತು ಅವನ್ಯಾರೋ ನನಗೆ ಗೊತ್ತಿಲ್ಲ ಅಂತ ಮೂರು ಸಲ ಅಂದವನು. ಅವನಿಗೆ ಒಂದು ಬೈಗುಳ ಇಲ್ಲ. ಮೊದ್ಲು ತಿಂಡಿ, ಆಮೇಲೆ ಮಾತು. ನಮ್ಮ ಮನೆಗಳಲ್ಲಿ ತಪ್ಪು ಮಾಡಿ ತಲೆ ತಗ್ಗಿಸ್ಕೊಂಡು ಬಂದ ಮಗನಿಗೆ, ತಮ್ಮನಿಗೆ ಚಪ್ಪಲಿ ಬಿಡೋಕೂ ಮುಂಚೆ ಶುರು ಮಾಡ್ಬಿಡ್ತೀವಲ್ಲ, ಅಲ್ಲಿ ಈ ಅಧ್ಯಾಯ ಬೇಕು.

ಆದ್ರೆ ಇದನ್ನೇ ಹಿಡ್ಕೊಂಡು ಹೆಂಗಸರಿಗೆ ಕ್ಷಮಿಸಮ್ಮಾ, ಸಹಿಸ್ಕೋ ಅಂತ ಬುದ್ಧಿ ಹೇಳೋರನ್ನ ಕಂಡ್ರೆ ನನಗೆ ಕೋಪ ಬರುತ್ತೆ. ತಿಂಡಿ ಆದ್ಮೇಲೆ ಯೇಸು ಪೇತ್ರನ್ನ ನನ್ನನ್ನ ಪ್ರೀತಿಸ್ತೀಯಾ ಅಂತ ಒಂದಲ್ಲ ಮೂರು ಸಲ ಕೇಳಿದ್ರು, ಮೂರನೇ ಸಲ ಅವನಿಗೆ ನೋವೂ ಆಯ್ತು. ಪುನರುತ್ಥಾನ ಆದ ದೇಹದಲ್ಲೂ ಮೊಳೆಯ ಗಾಯ ಹಾಗೇ ಇತ್ತು, ಕಣ್ಣಾರೆ ನೋಡದೆ ನಂಬಲ್ಲ ಅಂದ ಶಿಷ್ಯ ತೋಮನಿಗೆ ತೋರಿಸಿದ್ದು ಆ ಗಾಯಾನೇ. ಹೊಡೆತ ತಿಂದವಳ ಗಾಯ 40 ದಿನಕ್ಕೆ ಮಾಯಲ್ಲ, ಅವಳು ನಂಬೋಕೆ ಟೈಮ್ ತಗೊಂಡ್ರೆ ಅದು ವಿಶ್ವಾಸ ಕಮ್ಮಿ ಅಂತ ಅಲ್ಲ. ಕೇಳಿದಷ್ಟು ಸಲ ಉತ್ತರ ಕೊಡ್ಬೇಕಾದವನು ಗಂಡ.

ಈಸ್ಟರ್ ಹಿಂದಿನ ಶನಿವಾರ, ಪಾಸ್ಕ ಜಾಗರಣೆ ರಾತ್ರಿ ಲೈಟೆಲ್ಲ ಆರಿಸಿ, ಚರ್ಚ್ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದ್ರಿಂದ ದೊಡ್ಡ ಪಾಸ್ಕ ಮೇಣದ ಬತ್ತಿ ಹಚ್ಚಿ ಒಳಗೆ ತರ್ತಾರೆ, ಆ ಬತ್ತಿ ಮೇಲೆ ಆ ವರ್ಷದ ನಾಲ್ಕು ಅಂಕಿ ಕೊರೆದಿರುತ್ತೆ. ನಮ್ಮ ಕೈಯಲ್ಲಿರೋ ಸಣ್ಣ ಬತ್ತಿಗಳಿಗೆ ಬೆಂಕಿ ಒಬ್ಬರಿಂದ ಒಬ್ಬರಿಗೆ ಬರುತ್ತೆ. ಉರಿಯೋ ಬತ್ತಿ ನೆಟ್ಟಗೇ ಇರ್ಬೇಕು, ಇಲ್ಲಾಂದ್ರೆ ಮೇಣ ಕೈಮೇಲೆ ಬೀಳುತ್ತೆ, ಹಚ್ಕೊಳ್ಳೋರು ತಮ್ಮ ಬತ್ತಿ ಬಗ್ಗಿಸ್ಬೇಕು. ಒಂದ್ಸಲ ನನ್ನ ಮುಂದಿನ ಸಾಲಲ್ಲಿ ಕಾಂಪೌಂಡ್ ಗೋಡೆ ವಿಷಯಕ್ಕೆ ಮಾತುಬಿಟ್ಟಿದ್ದ ಅಣ್ಣತಮ್ಮಂದಿರು ಅಕ್ಕಪಕ್ಕ ಸಿಕ್ಕಿಹಾಕ್ಕೊಂಡ್ರು. ಬೆಂಕಿ ತಮ್ಮನ ಕೈಗೆ ಬಂದಿತ್ತು, ಅಣ್ಣ ಸ್ವಲ್ಪ ಹೊತ್ತು ಸುಮ್ನೆ ನಿಂತು ಆಮೇಲೆ ಬತ್ತಿ ಬಗ್ಗಿಸಿದ್ರು. ಕೇಸು ಅವತ್ತೇ ವಾಪಸ್ ಆಗ್ಲಿಲ್ಲ, ಈಗ್ಲೂ ನಡೀತಿದೆ, ಆದ್ರೆ ಆ ಮಳೆಗಾಲದಲ್ಲಿ ಅಣ್ಣನಿಗೆ ಹುಷಾರಿಲ್ಲದಾಗ ಆಟೋ ಕರೆಸಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ತಮ್ಮನೇ.

ನಮ್ಮ ಧರ್ಮಕೇಂದ್ರಗಳ ಫಾದರ್‌ಗಳಿಗೆ, ಸಂಘಗಳವರಿಗೆ ನಿಮ್ಮ ಪತ್ರಿಕೆ ಮೂಲಕ ಒಂದು ಕೋರಿಕೆ. ತಪಸ್ಸು ಕಾಲದ ಶುಕ್ರವಾರ ಚರ್ಚಲ್ಲಿ ನಿಲ್ಲೋಕೆ ಜಾಗ ಇರಲ್ಲ, ಈಸ್ಟರ್ ಆದ್ಮೇಲಿನ ಶುಕ್ರವಾರ ಹಾಲ್‌ಗೆ ಬೀಗ. ಆ ಬೀಗ ತೆಗೀರಿ. 40 ದಿನ ಕುಡಿಯೋದು ಬಿಟ್ಟಿದ್ದವರು ವಾರಕ್ಕೊಂದು ಸಾಯಂಕಾಲ ಕೂತು ಮಾತಾಡೋಕೆ, ಅವರ ಮನೆಯವರು ಬೇರೆ ರೂಮಲ್ಲಿ ಕೂತು ಮಾತಾಡೋಕೆ ಜಾಗ ಕೊಡಿ, ಒಂದು ಕಾಫಿ ಬಿಸ್ಕೆಟ್ ಸಾಕು. ಡಾಕ್ಟರ್ ಬೇಕಾದೋರಿಗೆ ಡಾಕ್ಟರ್ ಹತ್ರ ಕರ್ಕೊಂಡು ಹೋಗೋರು ಒಬ್ಬರಿರಲಿ. ಪೆಂತೆಕೋಸ್ತ್‌ವರೆಗೆ ಮಾಡಿ ನೋಡಿ, ಬರೋರು ಇಬ್ಬರೇ ಆದ್ರೂ ಮಾಡಿ.

ಇಂತಿ,
ನಿಮ್ಮ ಓದುಗಿ, ಮೈಸೂರು